ಬೋಗಿ ಅಂದ್ರ ಡಬ್ಬಿ ಅಲ್ಲ

ಶುಕ್ರವಾರ, ಮುಂಬೈ

ಮಾಮಾ ಹುಬ್ಬಳ್ಳಿಯಿಂದ ಬಂದಿಳಿದಾಗ ಕೈಯಲ್ಲಿದ್ದದ್ದು ಒಂದು ಬಟ್ಟೆಯ ಚೀಲ, ಎರಡು ಡಬ್ಬಿ ಧಾರವಾಡ ಪೇಢೆ, ಮತ್ತೊಂದು ಟಾರ್ಚು. ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಮಳೆಗಾಲಕ್ಕೆ ಕರೆಂಟ್ ಹೋಗುತ್ತೆ ಅಂತ ತಂದಿರಬೇಕು ಅಂದುಕೊಂಡು ನಾನೂ ಕೇಳಲಿಲ್ಲ.

ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಅವರು 34 ವರ್ಷ ಫಿಟ್ಟರ್ ಆಗಿದ್ದವರು. ಹುಬ್ಬಳ್ಳಿಯವರ ಬಾಯಲ್ಲಿ ಅದು ಬರೀ ‘ಶಾಪು’. 1885ರಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಶುರು ಮಾಡಿದ್ದು. ಶಾಪಿನ ಭೋಂಗಾ ಕೂಗಿದರೆ ನಮ್ಮಜ್ಜಿ ಗಡಿಯಾರ ನೋಡದೆ ಒಲೆ ಹಚ್ಚುತ್ತಿದ್ದಳು. ಮಾಮಾ ಹೋದ ವರ್ಷ ನಿವೃತ್ತರಾದರು. ಈಗ ಮನೆಯಲ್ಲಿ ಕೂತು ಅತ್ತೆಯ ಮಿಕ್ಸರ್ ಬಿಚ್ಚಿ ಜೋಡಿಸುತ್ತಾರಂತೆ. ‘ಒಂದ್ ವಾರ ನಿಮ್ಮಲ್ಲಿಗೆ ಕಳಸ್ತೀನಿ, ಇಟ್ಕೋ’ ಅಂತ ಅತ್ತೆಯೇ ಫೋನ್ ಮಾಡಿದ್ದು.

ನನ್ನ ಮಗನಿಗೆ 9 ವರ್ಷ, ರೈಲಿನ ಹುಚ್ಚು. ಅಜ್ಜ-ಮೊಮ್ಮಗ ಸೇರಿ ಯೋಜನೆ ಹಾಕಿದರು. ಇವತ್ತು ಸಿಎಸ್‌ಎಂಟಿ (ಹಳಬರ ವಿ.ಟಿ., ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್), ನಾಳೆ ಪುಣೆಯಲ್ಲಿ ಪುಟಾಣಿ ರೈಲುಗಳ ಮ್ಯೂಸಿಯಂ, ಸೋಮವಾರ ಊಟದ ಡಬ್ಬಿ ಇರುವ ಪುಣೆ-ಮುಂಬೈ ರೈಲು ಡೆಕ್ಕನ್ ಕ್ವೀನ್ ಹತ್ತಿ ವಾಪಸ್. ಮಾಮಾನದು ಒಂದೇ ಬೇಡಿಕೆ. ‘ಊಟದ ಡಬ್ಬಿಯೊಳಗ ಕುಂತು ಒಂದ್ ಕಪ್ ಚಾ ಕುಡೀಬೇಕು ನೋಡವಾ. ಎಷ್ಟೋ ಡಬ್ಬಿ ಎತ್ತಿ ಇಳಿಸೀನಿ. ಆದರ ನಾ ನೋಡಿದ್ದೆಲ್ಲ ನಿಂತ ಗಾಡಿ.’

ಸಿಎಸ್‌ಎಂಟಿಯ ಹಳೆಯ ಕಟ್ಟಡದೊಳಗೆ ವಾರದ ದಿನಗಳಲ್ಲಿ ಟಿಕೆಟ್ ತೊಗೊಂಡು ಹೋಗಿ ನೋಡಬಹುದು. ನಾನು ಇಪ್ಪತ್ತು ವರ್ಷದಿಂದ ಈ ಸ್ಟೇಷನ್ನಿನ ಮೂಲಕ ಆಫೀಸಿಗೆ ಓಡಿದವಳು, ಒಮ್ಮೆಯೂ ತಲೆ ಎತ್ತಿರಲಿಲ್ಲ. ಎಫ್. ಡಬ್ಲ್ಯೂ. ಸ್ಟೀವನ್ಸ್ ನಕ್ಷೆ ಹಾಕಿ 1878ರಲ್ಲಿ ಶುರುವಾಗಿ ಮುಗಿಯಲು ಹತ್ತು ವರ್ಷ ಹಿಡಿದ ಕಟ್ಟಡ ಇದು, 2004ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಗೇಟಿನ ಒಂದು ಕಂಬದ ಮೇಲೆ ಬ್ರಿಟನ್ನಿನ ಸಿಂಹ, ಇನ್ನೊಂದರ ಮೇಲೆ ನಮ್ಮ ಹುಲಿ. ಗುಮ್ಮಟದ ತುದಿಯಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ, ‘ಪ್ರಗತಿ’ಯ ಪ್ರತಿಮೆ, ಒಂದು ಕೈಯಲ್ಲಿ ಉರಿಯುವ ಪಂಜು, ಇನ್ನೊಂದರಲ್ಲಿ ಅರಗಳಿರುವ ಚಕ್ರ.

‘ಅಜ್ಜಾ, ಅವಳ ಕೈಯಲ್ಲೂ ಟಾರ್ಚು!’ ಅಂದ ಮಗ. ಮಾಮಾ ಜಿನುಗುವ ಮಳೆಯಲ್ಲಿ ಕೊಡೆ ವಾರೆ ಮಾಡಿ ಬಹಳ ಹೊತ್ತು ನೋಡಿದರು. ‘ಆ ಗಾಲಿಗೆ ಫ್ಲ್ಯಾಂಜ್ ಐತೋ ಇಲ್ಲೋ ಇಲ್ಲಿಂದ ಗೊತ್ತಾಗೂದಿಲ್ಲ’ ಅಂದರು. ಹಳಿಯ ಮೇಲೆ ಓಡುವ ಗಾಲಿಗೆ ಒಳಬದಿಯಲ್ಲಿ ಒಂದು ಏಣು ಇರುತ್ತದಲ್ಲ, ಅದು ಫ್ಲ್ಯಾಂಜ್. ಅದಿಲ್ಲದಿದ್ದರೆ ಅದು ಎತ್ತಿನ ಗಾಡಿಯ ಗಾಲಿ ಅಂತ ಮಾಮಾನ ತೀರ್ಮಾನ.

ಒಳಗೆ ಗುಮ್ಮಟದಡಿಯ ಮೆಟ್ಟಿಲು ನೋಡಿದೆವು, ಕಲ್ಲಿನ ಕೋತಿ-ನವಿಲು ನೋಡಿದೆವು. 1853ರ ಏಪ್ರಿಲ್ 16ರಂದು ಇಲ್ಲೇ ಪಕ್ಕದ ಬೋರಿ ಬಂದರಿನಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ಗಾಡಿಯಲ್ಲಿ 14 ಡಬ್ಬಿ, 400 ಜನ, ಎಳೆಯಲು ಮೂರು ಇಂಜಿನ್ನು, ಸಾಹಿಬ್, ಸಿಂಧ್, ಸುಲ್ತಾನ್. ಮಗ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡ. ‘400 ಮಂದಿಗೆ ಮೂರು ಇಂಜಿನ್ನೇನು? ನಿಮ್ಮ ಡೊಂಬಿವಲಿ ಲೋಕಲ್ಲಿನ ಒಂದ್ ಡಬ್ಬಿಯೊಳಗ ಅಷ್ಟು ಮಂದಿ ಜೋತಾಡ್ತಾರಲ್ಲೋ’ ಅಂದರು ಮಾಮಾ.

ಮಾಮಾ ನಿಜವಾಗಿ ಅರಳಿದ್ದು ಹೊರಗೆ, 18ನೇ ಪ್ಲಾಟ್‌ಫಾರ್ಮಿನ ಕಡೆಯ ಹೆರಿಟೇಜ್ ಗಲ್ಲಿಯಲ್ಲಿ. ಅಲ್ಲಿ ಒಂದು ಡಬ್ಲ್ಯೂಸಿಜಿ-1 ಇದೆ, 1920ರ ದಶಕದ ಕೊನೆಯಲ್ಲಿ ಬಂದ ಸ್ವಿಸ್ ವಿನ್ಯಾಸದ ವಿದ್ಯುತ್ ಇಂಜಿನ್. ಹಿಂದೆ-ಮುಂದೆ ಉದ್ದ ಮೂಗು, ನಡುವೆ ಕ್ಯಾಬಿನ್. ಮೋಟಾರು ವಿದ್ಯುತ್ತಿನದಾದರೂ ಗಾಲಿಗಳನ್ನು ತಿರುಗಿಸುವುದು ಉಗಿ ಇಂಜಿನ್ನಿನ ಹಾಗೆ ಅಡ್ಡ ಸರಳು. ಇಲ್ಲಿನ ಮಂದಿ ಇದಕ್ಕೆ ‘ಖೇಕಡಾ’ ಅಂತ ಹೆಸರಿಟ್ಟರು. ಖೇಕಡಾ ಅಂದರೆ ಏಡಿ. 1500 ವೋಲ್ಟ್ ಡಿಸಿ ಕುಡಿದು ಘಟ್ಟದಲ್ಲಿ ಗೂಡ್ಸ್ ಎಳೆಯುತ್ತಿತ್ತು. ಮಾಮಾ ಸರಳಿನ ಮೇಲೆ ಅಂಗೈ ಊರಿ, ಎಮ್ಮೆಯ ಬೆನ್ನು ತಟ್ಟಿದಂತೆ ಎರಡು ಸಲ ತಟ್ಟಿದರು.

ಅದೇ ಕಡೆ ಹಳೆಯ ಡಬ್ಬಿಯೊಂದನ್ನು ಹೋಟೆಲು ಮಾಡಿದ್ದಾರೆ. 2021ರಲ್ಲಿ ಶುರುವಾದದ್ದು. ನಾನು ಒಳಗೆ ಹೋಗಿ ಜಾಗ ಹಿಡಿದು ಮೆನು ಕಾರ್ಡು ಬಿಡಿಸಿದರೆ ಮಾಮಾ ಪತ್ತೆಯಿಲ್ಲ. ಕಿಟಕಿಯಿಂದ ನೋಡಿದರೆ ಟಾರ್ಚು ಹಿಡಿದು, ಕುಕ್ಕರಗಾಲಲ್ಲಿ ಕೂತು, ಡಬ್ಬಿಯ ಕೆಳಗೆ ಇಣುಕುತ್ತಿದ್ದಾರೆ. ಮಾಣಿ ಗಾಬರಿಯಾಗಿ ಓಡಿಹೋಗಿ ಮರಾಠಿಯಲ್ಲಿ ಏನು ಕಳಕೊಂಡಿರಿ ಕಾಕಾ ಅಂತ ಕೇಳಿದ. ಏನಿಲ್ಲಪ್ಪ, ಬೋಗಿ ನೋಡ್ತಿದೀನಿ ಅಂದರು ಇವರು. ಬೋಗಿ ಇದೇ ಅಲ್ಲವಾ, ಮೇಲೆ ಬನ್ನಿ ಅಂದ ಹುಡುಗ.

ಅಷ್ಟು ಸಾಕಾಯಿತು. ನಾವೆಲ್ಲ ಬೋಗಿ ಬೋಗಿ ಅನ್ನುತ್ತೇವಲ್ಲ, ಅದು ತಪ್ಪು. ಜನ ಕೂರುವುದು ಡಬ್ಬಿ. ಬೋಗಿ ಅಂದರೆ ಅದರ ಅಡಿಯ ಚೌಕಟ್ಟು. ಎರಡು ಅಚ್ಚು, ನಾಲ್ಕು ಗಾಲಿ, ಸ್ಪ್ರಿಂಗು, ಬ್ರೇಕು. ಪ್ರತಿ ಡಬ್ಬಿಗೆ ಈ ತುದಿಗೊಂದು, ಆ ತುದಿಗೊಂದು. ಶಾಪಿನಲ್ಲಿ ಡಬ್ಬಿಯನ್ನು ಕ್ರೇನಿನಿಂದ ಎತ್ತಿ ಬೋಗಿ ಹೊರಗೆಳೆದು ಬಿಚ್ಚಿ ತೊಳೆದು ಜೋಡಿಸುವುದೇ ಮಾಮಾನ ಜೀವಮಾನದ ಕೆಲಸ. ‘ಮಂದಿ ಕುರ್ಚಿ ನೋಡ್ತಾರ, ಕಿಟಕಿ ನೋಡ್ತಾರ. ಓಡೂದು ಮಾತ್ರ ಬೋಗಿ’ ಅಂತ ಚಹಾ ಬರುವವರೆಗೂ ಮಾಣಿಗೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಪಾಠ ಆಯಿತು. ಚಹಾ ಕುಡಿದು, ‘ಇದೂ ನಿಂತದ್ದ’ ಅಂದರು.

ಶನಿವಾರ, ಘಟ್ಟ ಹತ್ತಿ ಪುಣೆಗೆ

ಕಲ್ಯಾಣದಲ್ಲಿ ಬೆಳಗಿನ ಇಂದ್ರಾಯಣಿ ಎಕ್ಸ್‌ಪ್ರೆಸ್ ಹಿಡಿದೆವು. ಕರ್ಜತ್‌ನಲ್ಲಿ ಎಲ್ಲರೂ ಬಟಾಟೆವಡೆಗೆ ಇಳಿದರೆ ಮಾಮಾ ಗಾಡಿಯ ಬಾಲದ ಕಡೆಗೆ ಓಡಿದರು, ಮಗನನ್ನೂ ಎಳಕೊಂಡು. ಅಲ್ಲಿ ಬ್ಯಾಂಕರ್ ಹಚ್ಚುತ್ತಾರೆ, ಅಂದರೆ ಹಿಂದಿನಿಂದ ನೂಕುವ ಇಂಜಿನ್ನುಗಳು. ಭೋರ್ ಘಟ್ಟದಲ್ಲಿ ಏರು 37ಕ್ಕೆ 1, ಮೂವತ್ತೇಳು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ರಸ್ತೆಯಲ್ಲಿ ಇದು ಏರು ಅಂತಲೇ ಅನಿಸುವುದಿಲ್ಲ. ನುಣುಪು ಹಳಿಯ ಮೇಲೆ ಉಕ್ಕಿನ ಗಾಲಿಗೆ ಇದೇ ಗೋಡೆ. ಇಬ್ಬರೂ ಓಡಿ ಬಂದು ಹತ್ತುವಷ್ಟರಲ್ಲಿ ವಡೆ ಖಾಲಿಯಾಗಿತ್ತು. ನಾನು ನನ್ನ ಪಾಲಿನದರಲ್ಲಿ ಅರ್ಧ ಕೊಟ್ಟೆ. ಇನ್ನರ್ಧ ಕೊಡಲಿಲ್ಲ.

ಈ ಘಟ್ಟದ ದಾರಿ ಕಟ್ಟಿದ ಕತೆಯಲ್ಲಿ ನನಗೆ ಇಷ್ಟವಾದವಳು ಆಲಿಸ್ ಟ್ರೆಡ್‌ವೆಲ್. ಗುತ್ತಿಗೆ ಹಿಡಿದ ಗಂಡ ಸಾಲೊಮನ್ 1859ರಲ್ಲಿ ಇಲ್ಲಿಗೆ ಬಂದು ಕೆಲವೇ ವಾರಗಳಲ್ಲಿ ರೋಗಕ್ಕೆ ತೀರಿಹೋದ. ಆಕೆ ಊರಿಗೆ ಮರಳಲಿಲ್ಲ, ಗುತ್ತಿಗೆಯನ್ನು ತಾನೇ ವಹಿಸಿಕೊಂಡು, ಮ್ಯಾನೇಜರುಗಳನ್ನು ಇಟ್ಟು ಕೆಲಸ ಸಾಗಿಸಿದಳು. 1863ರಲ್ಲಿ ದಾರಿ ತೆರೆಯಿತು. ಬಂಡೆ ಒಡೆದ ಸಾವಿರಾರು ಕೂಲಿಗಳಲ್ಲಿ ಕಾಲರಾಕ್ಕೆ, ಜ್ವರಕ್ಕೆ ಹೋದವರ ಹೆಸರು ಮಾತ್ರ ಯಾವ ಸುರಂಗದ ಬಾಯಲ್ಲೂ ಕಂಡಿಲ್ಲ.

ಆಷಾಢದ ಘಟ್ಟ. ಸುರಂಗ ದಾಟಿದರೆ ಝರಿ, ಝರಿ ದಾಟಿದರೆ ಮಂಜು, ಮತ್ತೆ ಸುರಂಗ. ಹುಡುಗರು ಪ್ರತಿ ಸುರಂಗಕ್ಕೂ ಕೂಗು ಹಾಕುತ್ತಿದ್ದರು. ಮಾಮಾ ಝರಿ ನೋಡಲಿಲ್ಲ. ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಹಿಂದಕ್ಕೇ ನೋಡುತ್ತಿದ್ದರು. ಒಂದು ದೊಡ್ಡ ತಿರುವಿನಲ್ಲಿ ನಮ್ಮದೇ ಗಾಡಿಯ ಬಾಲ ಕಾಣಿಸಿತು, ತುದಿಯಲ್ಲಿ ನೂಕುವ ಇಂಜಿನ್ನುಗಳು ಒಂದು ಕ್ಷಣ ಮಂಜಿನಿಂದ ಹೊರಬಂದು ಮತ್ತೆ ಮುಳುಗಿದವು. ‘ಕಂಡ್ತು, ಕಂಡ್ತು’ ಅಂದರು, ಕೆನ್ನೆಯ ಮೇಲೆ ಸರಳಿನ ಗುರುತು.

ಪುಣೆಯಲ್ಲಿ ನಮ್ಮ ದೊಡ್ಡಮ್ಮನ ಮಗಳು ಎರಂಡವಣೆಯ ಗಣೇಶನಗರದಲ್ಲಿದ್ದಾಳೆ, ಕನ್ನಡ ಶಾಲೆಗೆ ಹತ್ತಿರ. ಚೀಲ ಅಲ್ಲಿಟ್ಟು, ಊಟ ಮಾಡಿ, ಆಟೋ ಹತ್ತಿ ‘ರೇಲ್ವೆ ಮ್ಯೂಸಿಯಂ’ ಅಂದೆ. ಆಟೋದವನು ತಲೆಯಾಡಿಸಿ ಹೊರಟ. ಕಾಲು ಗಂಟೆ ಆದಮೇಲೆ ನೋಡುತ್ತೇನೆ, ಸೀದಾ ಪುಣೆ ಸ್ಟೇಷನ್ನಿಗೆ ಹೊರಟಿದ್ದಾನೆ. ಕೇಳಿದರೆ ರೇಲ್ವೆ ಅಂದಿರಲ್ಲ ಮೇಡಂ ಅನ್ನುತ್ತಾನೆ. ನಾವು ಹೋಗಬೇಕಾದದ್ದು ಕೋಥರೂಡ್, ಅಕ್ಕನ ಮನೆಯಿಂದ ಎರಡು ಹೆಜ್ಜೆ. ಮೀಟರ್ ಓಡಿದ್ದು ಓಡಿತು. ಅಲ್ಲಿಗೆ ಹೋಗುವವರು ‘ಜೋಶಿ ಮ್ಯೂಸಿಯಂ, ಕರ್ವೆ ರಸ್ತೆ’ ಅನ್ನಿ.

ಬಿ. ಎಸ್. ಜೋಶಿ, ಊರವರ ಬಾಯಲ್ಲಿ ಭಾವುಸಾಹೇಬ್ ಜೋಶಿ, ತಮ್ಮ ಹವ್ಯಾಸವನ್ನೇ ಬೆಳೆಸಿ ಕಟ್ಟಿದ ಮ್ಯೂಸಿಯಂ ಇದು. 1998ರ ಏಪ್ರಿಲ್ 1ರಂದು ಜನರಿಗೆ ತೆರೆಯಿತು. ದೊಡ್ಡ ಅರಮನೆ ಕಲ್ಪಿಸಿಕೊಂಡು ಹೋಗಬೇಡಿ, ಕೈಗಾರಿಕೆ ಕಟ್ಟಡದ ಒಳಗಿನ ಒಂದು ಕೋಣೆ. ಕೋಣೆಯ ತುಂಬ ಒಂದು ಊರು. ಸರ್ಕಸ್ ಡೇರೆ, ಈಜುಕೊಳ, ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು, ಹೆದ್ದಾರಿ, ಮೇಲ್ಸೇತುವೆ, ಬೆರಳುದ್ದ ಇಲ್ಲದ ದೀಪದ ಕಂಬಗಳು. ನಡುವೆ ಹಳಿಗಳ ಜಾಲ, 65ರಷ್ಟು ಸಿಗ್ನಲ್.

ಶುರುವಾದಾಗ ಮಕ್ಕಳೆಲ್ಲ ಕಟಕಟೆಗೆ ಅಂಟಿಕೊಂಡರು. ಉಗಿ ಇಂಜಿನ್ ಒಂದು ಕಡೆಯಿಂದ, ಜರ್ಮನಿಯ ವೇಗದ ರೈಲು ಐಸಿಇ ಇನ್ನೊಂದು ಕಡೆಯಿಂದ. ಒಂದು ಗಾಡಿ ಕೆಂಪು ಸಿಗ್ನಲ್ಲಿಗೆ ನಿಂತು, ಇನ್ನೊಂದು ದಾಟಿದಮೇಲೆ ಹೊರಟಿತು. ನಾನು ಸಿಗ್ನಲ್ಲು ನೋಡಿದ್ದು ಯಾವತ್ತೂ ಲೋಕಲ್ಲು ಯಾಕೆ ನಿಂತಿತು ಅಂತ ಬೈಯುವಾಗ ಮಾತ್ರ. ಮೇಲಿನಿಂದ ನೋಡಿದಾಗ ನಿಲ್ಲಿಸಿದವನ ಕಡೆಯ ನ್ಯಾಯ ಕಾಣುತ್ತದೆ, ಅದು ಈ ಆಟಿಕೆಯಿಂದ ನನಗಾದ ಲಾಭ. ಸೋಮವಾರದಿಂದ ಮತ್ತೆ ಬೈಯುತ್ತೇನೆ, ಆ ಮಾತು ಬೇರೆ.

ಮಾಮಾ ಮಾತಾಡಲಿಲ್ಲ. ಕೈಕಟ್ಟಿ ನಿಂತು ಒಂದೇ ಗಾಡಿಯನ್ನು ಕಣ್ಣಲ್ಲಿ ಹಿಂಬಾಲಿಸುತ್ತಿದ್ದರು. ಅದು ತಿರುವಿನಲ್ಲಿ ಬಾಗುವುದು, ಸೇತುವೆ ಹತ್ತುವುದು, ಸುರಂಗದೊಳಗೆ ಹೊಕ್ಕು ಆಚೆ ಬರುವುದು. ಪ್ರತಿ ಸಲ ಪಾಯಿಂಟ್ಸ್, ಅಂದರೆ ಹಳಿ ಕವಲೊಡೆಯುವ ಜಾಗ, ದಾಟುವಾಗ ಅವರ ಕತ್ತು ಸ್ವಲ್ಪ ಮುಂದಕ್ಕೆ ಬರುತ್ತಿತ್ತು. ಆಟ ಮುಗಿದಮೇಲೆ ನನ್ನ ಕಡೆ ತಿರುಗಿ, ‘ಬೋಗಿ ಹೆಂಗ ತಿರಗ್ತದ ನೋಡಿದೇನವಾ? ಡಬ್ಬಿ ನೆಟ್ಟಗ ಹೊಂಟಿರ್ತದ, ಬೋಗಿ ಮೊದಲ ತಿರಗ್ತದ’ ಅಂದರು. ಎಷ್ಟೋ ಸಾವಿರ ಸಲ ತಾವೇ ಜೋಡಿಸಿದ ವಸ್ತು, ಅದರ ಕೆಲಸ ಕಣ್ಣಾರೆ ಕಂಡದ್ದು ಈ ಗೇಣುದ್ದದ ಗಾಡಿಯಲ್ಲಿ. ನಿಜವಾದ ರೈಲಿನಲ್ಲಿ ಕೂತವನಿಗೆ ರೈಲು ಕಾಣುವುದಿಲ್ಲ, ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಪಕ್ಕೆ ಮಾತ್ರ ಕಾಣುತ್ತದೆ.

ಗೇಣು ಅಂದದ್ದು ಸುಮ್ಮನೆ ಅಲ್ಲ. ಇಂಥ ಮಾದರಿಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಎಚ್‌ಓ ಅಳತೆ, ಅಸಲಿನ 87ನೇ ಒಂದು ಪಾಲು. ಅಕ್ಕನ ಮನೆಯಲ್ಲಿ ರಾತ್ರಿ ಮಗ ಮತ್ತು ಮಾಮಾ ಲೆಕ್ಕ ಹಾಕಿದರು. ಶಾಪಿಗೆ ಬರುತ್ತಿದ್ದ ಐಸಿಎಫ್ ಡಬ್ಬಿಯ, ಅಂದರೆ ಚೆನ್ನೈ ಕಾರ್ಖಾನೆಯ ಹಳೆಯ ಮಾದರಿಯ, ಉದ್ದ 21 ಮೀಟರ್ ಚಿಲ್ಲರೆ, 87ರಿಂದ ಭಾಗಿಸಿದರೆ ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್. ಎಚ್‌ಓ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್, ಅದು ಯುರೋಪಿನ 1435 ಮಿಲಿಮೀಟರ್ ಹಳಿಯ ಲೆಕ್ಕ. ನಮ್ಮ ಬ್ರಾಡ್‌ಗೇಜು 1676. ಅದನ್ನು ಭಾಗಿಸಿದರೆ 19ರ ಮೇಲೆ ಬರುತ್ತದೆ. ‘ಹಂಗಾದ್ರ ನಮ್ಮ ಗಾಡಿ ಆ ಹಳಿ ಮ್ಯಾಲೆ ನಿಂದ್ರೂದಿಲ್ಲ’ ಅಂತ ಮಾಮಾನಿಗೆ ಭಾರೀ ಖುಷಿ. ವಿದ್ಯುತ್ತು ಸಾಮಾನ್ಯವಾಗಿ 12 ವೋಲ್ಟ್ ಡಿಸಿ, ಹರಿಯುವುದು ಹಳಿಯಲ್ಲೇ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್, ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ. ಹಾಗಾಗಿ ಎರಡು ಕಡೆಯ ಗಾಲಿಗಳಿಗೆ ಉಕ್ಕಿನ ಅಚ್ಚಿನ ಮೂಲಕ ಸಂಪರ್ಕ ಆಗದಂತೆ ನಡುವೆ ತಡೆ ಕೊಡಬೇಕು. ಇದನ್ನು ಕೇಳಿ ಮಾಮಾ ಅರ್ಧ ಗಂಟೆ ಸುಮ್ಮನೆ ಕೂತರು.

ಮಗನ ತಕರಾರು ಬೇರೆ. ಅವನಿಗೆ ಒಂದು ಡಬ್ಬಿಯ ಕಿಟಕಿಯಲ್ಲಿ ಮೇಜು, ಮೇಜಿನ ಮೇಲೆ ದೀಪ ಕಂಡಿತಂತೆ. ‘ಊಟದ ಡಬ್ಬಿ ಅಜ್ಜಾ, ಕಪ್ಪೂ ಇತ್ತು!’ ಅಜ್ಜ ಮತ್ತೆ ಪೆನ್ಸಿಲು ತೊಗೊಂಡರು. ಎಂಟು ಸೆಂಟಿಮೀಟರ್ ಕಪ್ಪು, ಭಾಗ 87. ಒಂದು ಮಿಲಿಮೀಟರೂ ಆಗಲಿಲ್ಲ. ‘ಸಾಸಿವೆಗಿಂತ ಸಣ್ಣದು. ಅದು ನಿನಗ ಕಂಡಿದ್ದರ ನಿನ್ನ ಕಣ್ಣು ಶಾಪಿಗೆ ಬೇಕು.’

ಭಾನುವಾರ

ಜಡಿಮಳೆ. ಬೆಳಿಗ್ಗೆ ಫರ್ಗ್ಯುಸನ್ ರಸ್ತೆಯ ವೈಶಾಲಿಯಲ್ಲಿ ಸರದಿಗೆ ನಿಂತು ದೋಸೆ ತಿಂದೆವು. ಮಧ್ಯಾಹ್ನ ಮಾಮಾ ಮಲಗಿದರು. ಸಂಜೆ ಎದ್ದು ಅಕ್ಕನ ಮನೆಯ ಫ್ಯಾನು ಬಿಚ್ಚಲು ಹೊರಟಿದ್ದನ್ನು ತಡೆದು ಮೈಸೂರಿನ ಕತೆ ಹೇಳಿಸಿದೆವು. ಅಲ್ಲಿನ ರೈಲ್ವೆ ಮ್ಯೂಸಿಯಂ 1979ರದ್ದು, ಅದರಲ್ಲಿರುವ ಮಹಾರಾಣಿ ಸಲೂನಿಗೆ ಅಡುಗೆಮನೆ, ಊಟದ ಕೋಣೆ ಎಲ್ಲ ಇದೆ. ಮಾಮಾ ನೋಡಲು ಹೋದಾಗ ಮುಂದೆ ಹಗ್ಗ ಕಟ್ಟಿತ್ತಂತೆ. ‘ಹಗ್ಗದಾಚೆ ಮೇಜು. ರಾಣಿಯೂ ಇಲ್ಲ, ಚಾನೂ ಇಲ್ಲ’ ಅಂದರು.

ಸೋಮವಾರ, ಡೆಕ್ಕನ್ ಕ್ವೀನ್

7.15ಕ್ಕೆ ಪುಣೆ ಬಿಡುತ್ತದೆ. ಈ ರಾಣಿ ಮೊದಲು ಓಡಿದ್ದು 1930ರ ಜೂನ್ 1ರಂದು, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಕಾಲದಲ್ಲಿ. ಏಳೇಳು ಡಬ್ಬಿಯ ಎರಡು ಜೋಡಣೆ ಇದ್ದವು. ಒಂದು ಬೆಳ್ಳಿ ಬಣ್ಣ, ಕೆಂಪು ಅಂಚು. ಇನ್ನೊಂದು ಕಡುನೀಲಿ, ಬಂಗಾರದ ಗೆರೆ. ಅಡಿಯ ಚೌಕಟ್ಟು ಇಂಗ್ಲೆಂಡಿನದು, ಮೇಲಿನ ಮೈ ಮಾಟುಂಗಾ ವರ್ಕ್‌ಶಾಪಿನದು. ‘ಮಾಟುಂಗಾದವರು ಚಲೋ ಕೆಲಸಗಾರರು’ ಅಂದರು ಮಾಮಾ, ತೊಂಬತ್ತು ವರ್ಷ ಹಿಂದಿನವರನ್ನೂ ನಿನ್ನೆ ಭೇಟಿಯಾದವರ ಹಾಗೆ. ಇವತ್ತಿಗೂ ಪ್ರತಿ ಜೂನ್ 1ಕ್ಕೆ ಪಾಸಿನ ಪ್ರಯಾಣಿಕರು ಪುಣೆ ಸ್ಟೇಷನ್ನಿನಲ್ಲಿ ಇದಕ್ಕೆ ಕೇಕು ಕತ್ತರಿಸುತ್ತಾರೆ.

ಬೇರೆ ಗಾಡಿಗಳಲ್ಲಿರುವುದು ಪ್ಯಾಂಟ್ರಿ ಕಾರ್, ಅಲ್ಲಿ ಬೇಯಿಸಿ ನಮ್ಮ ಸೀಟಿಗೆ ತಂದು ಕೊಡುತ್ತಾರೆ. ಇಲ್ಲಿ ನಾವೇ ಎದ್ದು ಹೋಗಿ ಮೇಜಿಗೆ ಕೂರಬೇಕು. 2022ರ ಜೂನಿನಲ್ಲಿ ಇಡೀ ಗಾಡಿ ಜರ್ಮನ್ ವಿನ್ಯಾಸದ ಹೊಸ ಎಲ್‌ಎಚ್‌ಬಿ ಡಬ್ಬಿಗಳಿಗೆ ಬದಲಾದಾಗ ಈ ಊಟದ ಡಬ್ಬಿಯನ್ನು ಮಾತ್ರ ಕೈಬಿಡಲಿಲ್ಲ, ಹಳೆಯದರಲ್ಲಿ 32 ಜನಕ್ಕೆ ಜಾಗ ಇತ್ತು, ಹೊಸದರಲ್ಲಿ 40.

ಶಿವಾಜಿನಗರ ದಾಟಿದ ಕೂಡಲೇ ಹೋಗಿ ಕಿಟಕಿಯ ಪಕ್ಕದ ಮೇಜು ಹಿಡಿದೆವು. ಮಗನಿಗೆ ಚೀಸ್ ಟೋಸ್ಟು, ನನಗೆ ಕಟ್ಲೆಟ್ಟು, ಮಾಮಾನಿಗೆ ಚಹಾ. ಕಟ್ಲೆಟ್ಟು ಬಿಸಿಯಿತ್ತು, ಅಂಚು ಗರಿಗರಿ. ಪಕ್ಕದ ಮೇಜಿನಲ್ಲಿ ಆಫೀಸಿನ ನಾಲ್ವರು ದಿನಾ ಕೂರುವವರಂತೆ, ಮಾತಾಡದೆ ಪೇಪರಿನ ಪುಟ ಹಂಚಿಕೊಂಡು ಓದುತ್ತಿದ್ದರು.

ಮಾಮಾ ಕಪ್ಪನ್ನು ಮೇಜಿನ ನಟ್ಟನಡುವೆ ಸರಿಸಿದರು. ಕುಡಿಯಲಿಲ್ಲ. ತುಂಬಿದ ಚಹಾದ ಮೇಲ್ಮೈಯನ್ನೇ ನೋಡುತ್ತ ಕೂತರು. ನೇರ ಹಳಿಯಲ್ಲಿ ಅದರ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು, ಪಾಯಿಂಟ್ಸ್ ಬಂದಾಗ ಒಮ್ಮೆ ಅಡ್ಡ ಅಲೆ. ಲೋಣಾವಳ ದಾಟಿ ಘಟ್ಟ ಇಳಿಯುವಾಗ ಚಹಾ ಒಂದು ಕಡೆಗೆ ವಾಲಿ, ಅಂಚಿನ ಹತ್ತಿರ ಬಂದು, ಚೆಲ್ಲದೆ ನಿಂತಿತು.

‘ಫಿಯಟ್ ಬೋಗಿ’ ಅಂದರು ಮಾಮಾ ಮೆಲ್ಲಗೆ. ‘ಎಲ್‌ಎಚ್‌ಬಿಗೆ ಇದ. ನಮ್ಮ ಹಳೇ ಐಸಿಎಫ್ ಇದ್ದಿದ್ದರ ಬಶಿಗೆ ಚೆಲ್ಲತಿತ್ತು.’

ಇಳಿಜಾರಿನಲ್ಲಿ ಗಾಡಿ ನಿಂತಿತು. ಸಿಗ್ನಲ್ಲಾ ಅಂದ ಮಗ. ಅಲ್ಲ, ಇಳಿಯುವ ಗಾಡಿಗಳ ಬ್ರೇಕು ಸರಿಯಿದೆಯೇ ಅಂತ ಪರೀಕ್ಷೆಗೆ. ಈ ಘಟ್ಟದಲ್ಲಿ ಕ್ಯಾಚ್ ಸೈಡಿಂಗ್ ಅಂತ ಇವೆ, ಬ್ರೇಕು ಕೈಕೊಟ್ಟು ಗಾಡಿ ನಿಲ್ಲದೆ ಧಾವಿಸಿದರೆ ಅದನ್ನು ಪಕ್ಕದ ಏರು ಹಳಿಗೆ ತಿರುಗಿಸಿ ಸುಸ್ತು ಮಾಡಿಸುವ ದಾರಿ. ಮಗ ತಿನ್ನುವುದನ್ನು ನಿಲ್ಲಿಸಿ ಕೇಳಿದ. ‘ನಮ್ಮದು ನಿಲ್ತದಲ್ಲ ಅಜ್ಜಾ?’ ‘ನಿಂತೈತಲ್ಲೋ’ ಅಂದರು ಅಜ್ಜ. ಅಷ್ಟರಲ್ಲಿ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. ಮಾಣಿ ಬದಲಿಸಿ ಕೊಡುತ್ತೇನೆ ಅಂದ. ಬೇಡ ಅಂತ ಕೈಯಾಡಿಸಿ ಅದನ್ನೇ ಒಂದೇ ಉಸಿರಿಗೆ ಕುಡಿದರು.

ದಾದರಿನಲ್ಲಿ ಇಳಿದೆವು. ಮಾಟುಂಗಾದಲ್ಲಿ ಬಾಳೆಲೆ ಊಟದ ಆಸೆ ತೋರಿಸಿ ಮಾಮಾನನ್ನು ಹೊರಡಿಸಬೇಕೆಂದರೆ ಅವರು ಕದಲಲೊಲ್ಲರು. ಗಾಡಿ ಸಿಎಸ್‌ಎಂಟಿಗೆ ಹೊರಟಿತು. ಮಾಮಾ ಚೀಲದಿಂದ ಟಾರ್ಚು ತೆಗೆದರು. ಹಾಡುಹಗಲು, ದಾದರಿನ ಗದ್ದಲ. ನಮ್ಮೂರ ಸ್ಟೇಷನ್ನುಗಳಲ್ಲಿ ಗಾಡಿ ಬರುವಾಗ, ಹೋಗುವಾಗ ಕ್ಯಾರೇಜ್ ಸ್ಟಾಫಿನವರು ಬದಿಗೆ ನಿಂತು ಗಾಲಿಗಳ ಮೇಲೆ ಬೆಳಕು ಹಾಯಿಸಿ ನೋಡುವುದುಂಟು. ಅದು ಲೈನಿನವರ ಕೆಲಸ, ಶಾಪಿನವರಿಗೆ ಎಂದೂ ಬಂದಿರಲಿಲ್ಲ.

ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ನಡುವಿನ ಸಂದಿಗೆ ಬೆಳಕು ಬಿಟ್ಟು, ತಲೆ ವಾರೆ ಮಾಡಿ ಕಿವಿ ಕೊಟ್ಟರು. ನಾನು ಅವರ ಅಂಗಿಯ ಹಿಂಭಾಗ ಹಿಡಿದು ಹಳದಿ ಗೆರೆಯ ಈಚೆಗೆ ಎಳೆದುಕೊಂಡು ನಿಂತೆ. ಡಬ್ಬಿಗಳು ಒಂದೊಂದಾಗಿ ದಾಟಿದವು. ಊಟದ ಡಬ್ಬಿ ಬಂದಾಗ ನಮ್ಮ ಮೇಜು ಕಂಡಿತು, ಯಾರೋ ಬಟ್ಟೆ ಹಿಡಿದು ಒರೆಸುತ್ತಿದ್ದರು. ಕೊನೆಯ ಡಬ್ಬಿಯ ಬಾಗಿಲಲ್ಲಿ ಬಾವುಟ ಹಿಡಿದು ನಿಂತ ಗಾರ್ಡು ಟಾರ್ಚನ್ನು ನೋಡಿ, ಮಾಮಾನ ಮುಖ ನೋಡಿ, ಏನು ತಿಳಿದನೋ, ಕೈಯೆತ್ತಿದ. ಮಾಮಾನೂ ಎತ್ತಿದರು, ಟಾರ್ಚು ಇನ್ನೂ ಉರಿಯುತ್ತಲೇ ಇತ್ತು.